ಕೆಲಸ ಹೋಗಿದ್ದಕ್ಕೆ ಟ್ರಂಪ್‌ಗೆ ವೋಟ್ ಹಾಕಿದರಾ, ಬಣ್ಣ ನೋಡಿ ಹಾಕಿದರಾ?

ಓದುಗರ ಪ್ರಶ್ನೆ: 2016ರಲ್ಲಿ ಅಮೆರಿಕದ ಬಿಳಿಯ ಕಾರ್ಮಿಕರು ಟ್ರಂಪ್ ಕಡೆ ವಾಲಿದ್ದು ಹೊಟ್ಟೆಪಾಡಿನ ಕಷ್ಟಕ್ಕಾ, ಜನಾಂಗ ದ್ವೇಷಕ್ಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದಕ್ಕೆ ಒಹಾಯೋ ರಾಜ್ಯದ ಯಂಗ್ಸ್‌ಟೌನ್ ಊರಿನ ಕಡೆ ನೋಡಬೇಕು. 1977ರ ಸೆಪ್ಟೆಂಬರ್ 19, ಸೋಮವಾರ. ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಪ್‌ಬೆಲ್ ಉಕ್ಕಿನ ಕಾರ್ಖಾನೆಯ ಬಹುಭಾಗ ಮುಚ್ಚುತ್ತೇವೆ ಎಂದಿತು. ಸುಮಾರು 5,000 ಜನರ ಕೆಲಸ ಹೋಯಿತು. ಊರಿನವರಿಗೆ ಅದು ಇವತ್ತಿಗೂ ‘ಬ್ಲ್ಯಾಕ್ ಮಂಡೇ’.

ಅಲ್ಲಿ ಕಪ್ಪು ಕಾರ್ಮಿಕರೂ ಇದ್ದರು. ಅವರ ಕಥೆ ಇನ್ನೂ ನೋವಿನದು. ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಅವರ ಪಾಲಿಗೆ ಜಾಸ್ತಿ ಬರುತ್ತಿದ್ದದ್ದು ಕೋಕ್ ಒಲೆಯ ಕೆಲಸ, ಅಂದರೆ ಕಲ್ಲಿದ್ದಲನ್ನು ಕಾಯಿಸಿ ಕುಲುಮೆಗೆ ಬೇಕಾದ ಇಂಧನ ಮಾಡುವ ಒಲೆ. ಮೈ ಸುಡುವ ಬಿಸಿ, ಎದೆಗಿಳಿಯುವ ಹೊಗೆ. ಸೀನಿಯಾರಿಟಿಯನ್ನು ಆಯಾ ವಿಭಾಗದೊಳಗೇ ಲೆಕ್ಕ ಹಾಕುತ್ತಿದ್ದರು, ಹಾಗಾಗಿ ಒಳ್ಳೆಯ ವಿಭಾಗಕ್ಕೆ ಹೋಗಬೇಕೆಂದರೆ ಅಷ್ಟು ವರ್ಷದ ಸರ್ವಿಸ್ ಬಿಟ್ಟು ಮತ್ತೆ ಕೆಳಗಿನಿಂದ ಶುರು ಮಾಡಬೇಕಿತ್ತು. 1974ರಲ್ಲಿ ಸರ್ಕಾರ, ಒಂಬತ್ತು ಉಕ್ಕಿನ ಕಂಪನಿಗಳು ಮತ್ತು ಯೂನಿಯನ್ ಸೇರಿ ಕೋರ್ಟಿನಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಈ ಪದ್ಧತಿ ಮುರಿಯಿತು. ಮೂರೇ ವರ್ಷ. ಬಾಗಿಲು ತೆರೆಯಿತು ಅನ್ನುವಷ್ಟರಲ್ಲಿ ಕಾರ್ಖಾನೆಯೇ ಮುಚ್ಚಿತು.

ಬರೀ ಕಷ್ಟವೇ ಕಾರಣ ಎನ್ನುವುದಾದರೆ ಇವರೂ ಟ್ರಂಪ್‌ಗೆ ಹಾಕಬೇಕಿತ್ತು, ಅಲ್ವಾ? ಆದರೆ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಕಪ್ಪು ಮತದಾರರು ಹಿಲರಿ ಕ್ಲಿಂಟನ್‌ಗೆ ಹಾಕಿದರು. ಕಾಲೇಜು ಡಿಗ್ರಿ ಇಲ್ಲದ ಬಿಳಿಯರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಟ್ರಂಪ್‌ಗೆ. ಎಕ್ಸಿಟ್ ಪೋಲ್ ಪ್ರಕಾರ, ವರ್ಷಕ್ಕೆ 50,000 ಡಾಲರ್‌ಗಿಂತ ಕಡಿಮೆ ಆದಾಯದವರಲ್ಲಿ ಮುಂದಿದ್ದದ್ದು ಕ್ಲಿಂಟನ್ನೇ.

ಹಾಗಂತ ಎಲ್ಲವನ್ನೂ ಬಣ್ಣದ ಮೇಲೆ ಹಾಕಿದರೂ ಲೆಕ್ಕ ತಾಳೆಯಾಗುವುದಿಲ್ಲ. ಯಂಗ್ಸ್‌ಟೌನ್ ಪಕ್ಕದ ಟ್ರಂಬುಲ್ ಕೌಂಟಿ 2008ರಲ್ಲೂ 2012ರಲ್ಲೂ ಒಬಾಮಾರನ್ನು ಗೆಲ್ಲಿಸಿತ್ತು. 2016ರಲ್ಲಿ ಟ್ರಂಪ್ ಗೆದ್ದರು. 1972ರ ನಂತರ ರಿಪಬ್ಲಿಕನ್ನರಿಗೆ ಒಲಿದದ್ದು ಅದೇ ಮೊದಲು. ಒಬಾಮಾಗೆ ಎರಡು ಸಲ ವೋಟ್ ಹಾಕಿ ಆಮೇಲೆ ಆ ಕಡೆ ಹೋದವರನ್ನೂ ಸೇರಿಸಿ ಎಲ್ಲರೂ ಜನಾಂಗ ದ್ವೇಷಿಗಳು ಎಂದು ಸುಮ್ನೆ ತಳ್ಳಿಹಾಕಿದರೆ ನಮಗೇ ಏನೂ ಅರ್ಥವಾಗುವುದಿಲ್ಲ.

ನನಗೆ ಕಾಣುವುದು ಇಷ್ಟು. ಕಷ್ಟ ಬಂದಾಗ ಮನುಷ್ಯ ಮೊದಲು ಕೇಳುವುದು ‘ಯಾರಿಂದ ಹೀಗಾಯಿತು?’ ಅಂತ. ಹಿಂದೆ ಆ ಪ್ರಶ್ನೆಗೆ ಯೂನಿಯನ್ ಹಾಲ್‌ನಲ್ಲಿ ಒಂದು ಉತ್ತರ ಸಿಗುತ್ತಿತ್ತು: ಕಂಪನಿಯಿಂದ, ಮಾಲೀಕರಿಂದ. 1950ರ ದಶಕದಲ್ಲಿ ಸುಮಾರು ಮೂವರಲ್ಲಿ ಒಬ್ಬ ಕಾರ್ಮಿಕ ಯೂನಿಯನ್ ಸದಸ್ಯ. 2016ರ ಹೊತ್ತಿಗೆ ಹತ್ತರಲ್ಲಿ ಒಬ್ಬ. ಹಾಲ್ ಖಾಲಿಯಾದಾಗ ಟ್ರಂಪ್ ಬೇರೆ ಉತ್ತರ ತಂದರು: ಚೀನಾ, ಮೆಕ್ಸಿಕೋ, ವಲಸಿಗರು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಹೊರದೇಶದ ಪೈಪೋಟಿಯಿಂದ ಕೆಲಸ ಹೋಗಿದ್ದು ಹೌದು, ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದವನ್ನು 1994ರಲ್ಲಿ ಜಾರಿಗೆ ತಂದ ಕಾಯ್ದೆಗೆ ಸಹಿ ಹಾಕಿದ್ದು ಹಿಲರಿಯ ಗಂಡ, ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್. ಆದರೆ ‘ಹಿಂದಿನ ಒಳ್ಳೆಯ ದಿನ ಮತ್ತೆ ತರುತ್ತೇನೆ’ ಎಂಬ ಮಾತು ಬಿಳಿಯ ಕಾರ್ಮಿಕನಿಗೆ ಅಪ್ಪನ ಸಂಬಳವನ್ನು ನೆನಪಿಸಿದರೆ, ಕಪ್ಪು ಕಾರ್ಮಿಕನಿಗೆ ನೆನಪಿಸುವುದು ಅಪ್ಪನ ಕೋಕ್ ಒಲೆಯನ್ನು.

ತಮಗೆ ಏನು ಒಳ್ಳೆಯದು ಎಂದು ಈ ಜನಕ್ಕೆ ಗೊತ್ತಿಲ್ಲ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. 2020ರಲ್ಲಿ ಫ್ಲಾರಿಡಾವನ್ನು ಟ್ರಂಪ್ ಗೆದ್ದರು. ಅದೇ ದಿನ ಅಲ್ಲಿ ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಗಂಟೆಗೆ 15 ಡಾಲರ್‌ಗೆ ಏರಿಸುವ ಪ್ರಸ್ತಾಪಕ್ಕೆ ಶೇ. 60ಕ್ಕೂ ಹೆಚ್ಚು ಮತ ಬಿತ್ತು. ಎಷ್ಟೋ ಜನ ಒಂದೇ ಬ್ಯಾಲೆಟ್‌ನಲ್ಲಿ ಎರಡಕ್ಕೂ ಗುರುತು ಹಾಕಿ ಬಂದಿದ್ದರು.