ದಂಡು ದುಪ್ಪಟ್ಟಾದರೆ ಆಟ ಕಷ್ಟವಾಯಿತೇ?

ಕಲಬುರಗಿಯ ಹುಡುಗರು ತಾವು ಮಾಡಿದ ಯುದ್ಧದ ಗೇಮ್ ತಂದು ತೋರಿಸಿದಾಗ ನಾನು ಮೊದಲು ಒತ್ತುವುದು ‘ಹಾರ್ಡ್’ ಅನ್ನೋ ಬಟನ್. ಏನು ಬದಲಾಗುತ್ತದೆ? ಬಹುತೇಕ ಶತ್ರುವಿನ ದಂಡು ದುಪ್ಪಟ್ಟಾಗುತ್ತದೆ, ಅಷ್ಟೇ. ದೊಡ್ಡವರೂ ಇದನ್ನೇ ಮಾಡುತ್ತಾರೆ ಬಿಡಿ. ‘ಸಿವಿಲೈಸೇಶನ್’ ಅನ್ನೋ ಹೆಸರಾಂತ ಕಂಪ್ಯೂಟರ್ ಗೇಮ್ ಸರಣಿಯಲ್ಲಿ ಕಷ್ಟದ ಮಟ್ಟ ಏರಿಸಿದರೆ ಕಂಪ್ಯೂಟರಿಗೆ ಮುಖ್ಯವಾಗಿ ಸಿಗುವುದು ರಿಯಾಯಿತಿ, ಜಾಸ್ತಿ ಬುದ್ಧಿಯಲ್ಲ. ಹೊಡೆದಾಟ ಉದ್ದವಾಗುತ್ತದೆ, ಆಟಗಾರನ ಯೋಚನೆ ಇದ್ದಲ್ಲೇ ಇರುತ್ತದೆ.

ಆಟ ಕಷ್ಟ ಮಾಡಬೇಕೆಂದರೆ ನಾನು ಮೊದಲು ಕೈ ಹಾಕುವುದು ಗೆಲುವಿನ ಶರತ್ತಿಗೆ, ಅಂದರೆ ಏನು ಮಾಡಿದರೆ ಗೆದ್ದಂತೆ ಅನ್ನೋದಕ್ಕೆ. ಉದಾಹರಣೆಗೆ ದೂರ ಹೋಗಬೇಕಿಲ್ಲ, ಸುರಪುರದ ಹತ್ತಿರ ವಾಗಣಗೇರಾ ಇದೆ. 1705ರಲ್ಲಿ ಔರಂಗಜೇಬ ಖುದ್ದು ಬಂದು ಮುತ್ತಿಗೆ ಹಾಕಿದ ಕೋಟೆ. ಒಳಗಿದ್ದವರು ಬೇಡ ನಾಯಕರು. ಮೊಗಲ್ ದಂಡನ್ನು ಎದುರಾಎದುರು ಸೋಲಿಸುವುದು ಆಗದ ಮಾತು. ಬೇಡರ ದೊರೆ ಪಿಡ್ಡನಾಯಕ ಸಂಧಾನದ ಮಾತಾಡುತ್ತಾ ದಿನ ದೂಡಿದ, ಮರಾಠರ ನೆರವು ಬಂತು, ರಾತ್ರೋರಾತ್ರಿ ಕೋಟೆ ಬಿಟ್ಟ. ಬಾದಶಹನ ಕೈಗೆ ಸಿಕ್ಕಿದ್ದು ಖಾಲಿ ಕೋಟೆ.

ಇದನ್ನು 12 ಟರ್ನಿನ, ಅಂದರೆ 12 ಸರದಿಯ ಆಟ ಮಾಡೋಣ. ನೀವು ನಾಯಕನ ಕಡೆ. ಹೆಂಗಸರು, ಮಕ್ಕಳು, ಖಜಾನೆ ಹೊರಗೆ ದಾಟಿದರೆ ಗೆದ್ದಿರಿ. ಗೋಡೆ ಮೇಲಿನ ಬಂದೂಕಿನವರನ್ನು ಇವರ ಕಾವಲಿಗೆ ಕಳಿಸಿದರೆ ಗೋಡೆ ಬಡವಾಗುತ್ತದೆ. ಬೇಗ ಹೊರಟರೆ ಮರಾಠರ ಕುದುರೆ ಇನ್ನೂ ಬಂದಿರಲ್ಲ, ಬಯಲಲ್ಲಿ ಮೊಗಲ್ ಸವಾರರ ಕೈಗೆ ಸಿಗುತ್ತೀರಿ. ತಡ ಮಾಡಿದರೆ ತೋಪು ಗೋಡೆ ಕೆಡವುತ್ತದೆ. ‘ಸಂಧಾನ’ ಒತ್ತಿದರೆ ತೋಪು ಒಂದು ಟರ್ನ್ ಸುಮ್ಮನಿರುತ್ತದೆ. ಆದರೆ ಒತ್ತಿದಷ್ಟೂ ಎದುರಿನವರ ನಂಬಿಕೆ ಇಳಿದು, ಕೊನೆಗೆ ಆ ಬಟನ್ ಸುಮ್ನೆ ಇದ್ದೂ ಇಲ್ಲದಂತೆ. ‘ಹಾರ್ಡ್’ ಬೇಕಾ? ಮರಾಠರು ಎರಡು ಟರ್ನ್ ತಡವಾಗಿ ಬರಲಿ. ಶತ್ರುವಿನ ಬಲ ಒಂದಂಕಿಯೂ ಏರಲಿಲ್ಲ, ನಿಮ್ಮ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು.

ಬೀದರ್ ಕೋಟೆ ಬೇರೆ ತಲೆನೋವು. ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ ಮ್ಯಾಪಿಗೆ ಹೇಳಿ ಮಾಡಿಸಿದ್ದು. ಒಂದೊಂದು ಸಾಲು ದಾಟಲೂ ದಂಡಿನ ಒಂದು ಟರ್ನ್ ಹೋಗುತ್ತದೆ. ಕಷ್ಟ ಇರುವುದು 1657ರ ಮೊಗಲ್ ಮುತ್ತಿಗೆಯ ಕೊನೆಯಲ್ಲಿ. ಬಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ 27 ದಿನ ತಡೆದ. ಆಮೇಲೆ ಮದ್ದಿಗೆ ಕಿಡಿ ತಾಗಿ ಸ್ಫೋಟವಾಯಿತು, ಅವನೇ ಸುಟ್ಟ ಗಾಯದಿಂದ ನೆಲ ಹಿಡಿದ, ಕೋಟೆ ಹೋಯಿತು. ಇದನ್ನು ಇದ್ದಂತೆ ಆಟಕ್ಕೆ ಹಾಕಿದರೆ ಆಟಗಾರ ಬೈದು ಡಿಲೀಟ್ ಮಾಡುತ್ತಾನೆ, ನ್ಯಾಯವೇ! ಅದಕ್ಕೆ ಮದ್ದಿನ ರಾಶಿ ಬುರುಜಿನ ಪಕ್ಕ ಕಣ್ಣಿಗೆ ಕಾಣುವಂತೆ ಇಡುತ್ತೇನೆ. ಹತ್ತಿರ ಇದ್ದರೆ ತೋಪಿಗೆ ಬೇಗ ಮದ್ದು ತುಂಬಬಹುದು, ಕಿಡಿಯ ಭಯವೂ ಇರುತ್ತದೆ. ದೂರ ಸರಿಸಿದರೆ ಎರಡೂ ಇಲ್ಲ. ಈಗ ಸ್ಫೋಟವಾದರೆ ಅದು ಆಟಗಾರನೇ ಒಪ್ಪಿಕೊಂಡ ಅಪಾಯ.

ಶೇಕಡಾ ಲೆಕ್ಕವೂ ಹೀಗೇ. ಏಟು ತಾಗುವ ಸಾಧ್ಯತೆ 80% ಎಂದು ತೋರಿಸಿದರೆ ಜನ ಅದನ್ನು ಖಾತ್ರಿ ಅಂತಲೇ ಓದುತ್ತಾರೆ. ಮೂರು ಏಟೂ ತಾಗುವ ಸಾಧ್ಯತೆ ಬರೀ 51%. ಮೂರೂ ತಾಗಿದರೆ ಮಾತ್ರ ಉಳಿಗಾಲ ಅನ್ನುವಂಥ ಲೆವೆಲ್ ಮಾಡಿದರೆ ಅರ್ಧ ಜನರನ್ನು ದಾಳವೇ ಸೋಲಿಸುತ್ತದೆ.

ಟೆಸ್ಟ್ ಮಾಡುವಾಗ ಯಾರು ಗೆದ್ದರು ಎಂಬುದು ನನಗೆ ಅಷ್ಟು ಮುಖ್ಯವಲ್ಲ. ಮೌಸ್ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಅಂತ ನೋಡುತ್ತೇನೆ. ಎಲ್ಲರೂ ಮೊದಲ ಟರ್ನಿನಲ್ಲೇ ಒಂದೇ ನಡೆ ನಡೆದರೆ ಆ ಮ್ಯಾಪು ವಾಪಸ್ ಮೇಜಿಗೆ ಬರುತ್ತದೆ.