7805ಕ್ಕೆ ಏಳು ವೋಲ್ಟ್ ಏಕೆ ಬೇಕು?

ಎಲ್‌ಡಿಒ (ಲೋ ಡ್ರಾಪ್‌ಔಟ್, ಅಂದರೆ ಕಡಿಮೆ ಅಂತರದಲ್ಲೂ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್) ಹಾಕಿದರೆ ಸರ್ಕ್ಯೂಟ್ ಬಿಸಿಯಾಗುವುದಿಲ್ಲ ಎಂಬ ನಂಬಿಕೆ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಲ್ಲಿ ಬೇರೂರಿಬಿಟ್ಟಿದೆ. ಇದು ಶುದ್ಧ ತಪ್ಪು. 12 ವೋಲ್ಟ್ ಕೊಟ್ಟು, 5 ವೋಲ್ಟ್ ಪಡೆದು, 1 ಆಂಪಿಯರ್ ಎಳೆದರೆ 7 ವ್ಯಾಟ್ ಶಾಖವಾಗಿಯೇ ಹೋಗುತ್ತದೆ. 5 ವೋಲ್ಟ್ ಕೊಡುವ ಹಳೆಯ ರೆಗ್ಯುಲೇಟರ್ ಐಸಿ 7805 ಇರಲಿ, ದುಬಾರಿ ಎಲ್‌ಡಿಒ ಇರಲಿ, ಲೆಕ್ಕ ಅದೇ. ಹೆಚ್ಚುವರಿ ವೋಲ್ಟೇಜನ್ನು ತನ್ನ ಮೇಲೆ ಹಾಕಿಕೊಂಡು ಸುಡುವುದೇ ಲೀನಿಯರ್ ರೆಗ್ಯುಲೇಟರಿನ ಕಸುಬು. ಆ ಕಸುಬು ನಡೆಯಲು ಒಳಬರುವ ಮತ್ತು ಹೊರಹೋಗುವ ವೋಲ್ಟೇಜ್‌ಗಳ ನಡುವೆ ಕನಿಷ್ಠ ಎಷ್ಟು ಅಂತರ ಬೇಕೋ ಅದಕ್ಕೆ ಡ್ರಾಪ್‌ಔಟ್ ವೋಲ್ಟೇಜ್ ಎಂದು ಹೆಸರು. 7805ರಲ್ಲಿ 1 ಆಂಪಿಯರ್‌ಗೆ ಅದು ಸುಮಾರು 2 ವೋಲ್ಟ್; ಔಟ್‌ಪುಟ್‌ನ 5ಕ್ಕೆ ಕೂಡಿದರೆ ಏಳು.

ಈ 2 ವೋಲ್ಟ್ ಎಲ್ಲಿಂದ ಬಂತು ಎಂಬುದೇ ನನಗೆ ಇಡೀ ವಿಷಯದಲ್ಲಿ ರುಚಿಸುವ ಭಾಗ. 7805ರ ಒಳಗೆ ಕರೆಂಟ್ ಹಾದುಹೋಗುವುದು ಎನ್‌ಪಿಎನ್ ಡಾರ್ಲಿಂಗ್ಟನ್ ಜೋಡಿಯ ಮೂಲಕ. ಎನ್‌ಪಿಎನ್ ಟ್ರಾನ್ಸಿಸ್ಟರ್ ತೆರೆದುಕೊಳ್ಳಬೇಕಾದರೆ ಅದನ್ನು ನಿಯಂತ್ರಿಸುವ ಕಾಲಾದ ಬೇಸ್, ಕರೆಂಟ್ ಹೊರಬೀಳುವ ಕಾಲಾದ ಎಮಿಟರ್‌ಗಿಂತ ಸುಮಾರು 0.7 ವೋಲ್ಟ್ ಮೇಲಿರಬೇಕು. ಎಮಿಟರ್ ಇರುವುದು 5 ವೋಲ್ಟಿನ ಔಟ್‌ಪುಟ್‌ನಲ್ಲಿ. ಬಾವಿಯಿಂದ ನೀರು ಸೇದುವವನು ಕೊಡಕ್ಕಿಂತ ಮೇಲೆ ನಿಲ್ಲಲೇಬೇಕಲ್ಲ, ಹಾಗೆ. ಡಾರ್ಲಿಂಗ್ಟನ್ ಎಂದರೆ ಎರಡು ಟ್ರಾನ್ಸಿಸ್ಟರ್. ಆದ್ದರಿಂದ ಮೊದಲನೆಯದರ ಬೇಸ್ 6.4 ವೋಲ್ಟಿಗೆ ಏರಬೇಕು. ಆ ಬೇಸ್‌ಗೆ ಕರೆಂಟ್ ಒದಗಿಸುವ ಭಾಗವೂ ತನ್ನ ಪಾಲನ್ನು ಕೇಳುತ್ತದೆ. ಒಟ್ಟು ಏಳರ ಹತ್ತಿರ ಬಂದೆವು.

ಎನ್‌ಪಿಎನ್‌ಗೆ ತದ್ವಿರುದ್ಧವಾದ ಪಿಎನ್‌ಪಿ ಟ್ರಾನ್ಸಿಸ್ಟರ್ ಹಾಕಿದರೆ ಚಿತ್ರ ತಿರುಗುತ್ತದೆ. ಅದರ ಬೇಸನ್ನು ಗ್ರೌಂಡ್ ಕಡೆಗೆ ಎಳೆದರೆ ಸಾಕು, ಮೇಲೆ ಏರಿಸುವ ಪ್ರಮೇಯವೇ ಇಲ್ಲ. ಎಲ್‌ಎಂ2940 ಎಂಬ ಎಲ್‌ಡಿಒ ಹೀಗೆ 1 ಆಂಪಿಯರ್‌ಗೆ ಅರ್ಧ ವೋಲ್ಟಿನಲ್ಲೇ ಕೆಲಸ ಮುಗಿಸುತ್ತದೆ. ಇಂಥವು ಮುಖ್ಯವಾಗಿ ಕಾರುಗಳಿಗಾಗಿ ಬಂದವು: ಚಳಿಯ ಮುಂಜಾನೆ ಸ್ಟಾರ್ಟರ್ ಮೋಟಾರ್ ತಿರುಗುವಾಗ 12 ವೋಲ್ಟಿನ ಬ್ಯಾಟರಿ 6 ವೋಲ್ಟಿಗೆ ಕುಸಿದರೂ ಒಳಗಿನ ಎಲೆಕ್ಟ್ರಾನಿಕ್ಸ್ ಸಾಯಬಾರದು. ಆದರೆ ಬಿಟ್ಟಿ ಸಿಕ್ಕಿದ್ದಲ್ಲ. ಪಿಎನ್‌ಪಿಯ ಬೇಸ್ ಕರೆಂಟ್ ಲೋಡ್‌ಗೆ ತಲುಪದೆ ಗ್ರೌಂಡ್‌ಗೆ ಸುರಿದುಹೋಗುತ್ತದೆ. ಔಟ್‌ಪುಟ್‌ನಲ್ಲಿ 22 ಮೈಕ್ರೊಫ್ಯಾರಡ್‌ಗೆ ಕಡಿಮೆಯಿಲ್ಲದ ಕೆಪಾಸಿಟರ್ ಕಡ್ಡಾಯ. 7805ರ ಜಾಗಕ್ಕೆ ಇದನ್ನು ಕಾಲಿಗೆ ಕಾಲು ಸೇರಿಸಿ ಬೆಸುಗೆ ಹಾಕಿ, ಕೆಪಾಸಿಟರ್ ಮರೆತವರ ಸರ್ಕ್ಯೂಟ್ ಆಸಿಲೇಟರ್ ಆಗಿ ಕುಣಿಯತೊಡಗಿದರೆ ಐಸಿಯನ್ನು ದೂರುವಂತಿಲ್ಲ.

ಅಂತರ ಸಾಲದಾದಾಗ ರೆಗ್ಯುಲೇಟರ್ ನಿಂತುಹೋಗುತ್ತದೆ ಎಂಬುದು ಇನ್ನೊಂದು ಭ್ರಮೆ. ಅದು ನಿಲ್ಲುವುದಿಲ್ಲ, ಕಾವಲು ಬಿಡುತ್ತದೆ. ಔಟ್‌ಪುಟ್ ಇನ್‌ಪುಟ್‌ನ ಬೆನ್ನು ಹತ್ತುತ್ತದೆ, ಇನ್‌ಪುಟ್‌ನ ಏರಿಳಿತವೆಲ್ಲ ಆಚೆ ಕಾಣಿಸುತ್ತದೆ. ಬೇಸಿಗೆಯ ಸಂಜೆ ಹಳ್ಳಿಯಲ್ಲಿ ಪಂಪ್‌ಸೆಟ್‌ಗಳು ಓಡುವಾಗ ಮನೆಯ ಕರೆಂಟ್ 180 ವೋಲ್ಟಿಗೆ ಇಳಿದಿದೆ ಎನ್ನಿ. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ 7 ಕೊಡುತ್ತದೆ, ಅದರ ಶಿಖರ ಸುಮಾರು 10. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನ ಎರಡು ಡಯೋಡ್‌ಗಳು 1.4 ತಿಂದರೆ ಉಳಿದದ್ದು 8.5. 2200 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟು ಅರ್ಧ ಆಂಪಿಯರ್ ಎಳೆದರೆ ರಿಪಲ್ (ಉಳಿದುಹೋಗುವ ಏರಿಳಿತ) 2 ವೋಲ್ಟಿನಷ್ಟಿರುತ್ತದೆ. ಮಲ್ಟಿಮೀಟರ್ ಸರಾಸರಿ ತೋರಿಸುತ್ತದೆ: 7.5. ಏಳು ದಾಟಿದೆ, ಸರಿಯಾಗಿದೆ ಎಂದು ಮೀಟರ್ ಎತ್ತಿಡುತ್ತೇವೆ. ಆದರೆ ರಿಪಲ್‌ನ ತಳ 6.5ರಲ್ಲಿದೆ. ಸೆಕೆಂಡಿಗೆ 100 ಬಾರಿ 7805 ಕೈಚೆಲ್ಲುತ್ತದೆ; ರೇಡಿಯೊ ಗುಂಯ್ ಎನ್ನುತ್ತದೆ. ಸ್ಪೀಕರ್ ಬದಲಿಸಿದರೆ ಈ ಸದ್ದು ಹೋಗದು.

ಡೇಟಾಶೀಟಿನ ಮೊದಲ ಪುಟದ ಡ್ರಾಪ್‌ಔಟ್ ಅಂಕಿಯನ್ನಷ್ಟೇ ನೋಡಬಾರದು, ಯಾವ ಕರೆಂಟಿಗೆ ಅದು ಎಂದೂ ನೋಡಬೇಕು. ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಇರುವ ಹೊಸ ರೆಗ್ಯುಲೇಟರ್‌ಗಳಲ್ಲಿ ಡ್ರಾಪ್‌ಔಟ್ ಬಹುಮಟ್ಟಿಗೆ ಓಮನ ನಿಯಮವೇ: ಕರೆಂಟ್ ಅರ್ಧವಾದರೆ ಅದೂ ಅರ್ಧ.

ವೈಫೈ ಇರುವ ಇಎಸ್‌ಪಿ32 ಚಿಪ್‌ನ ಬೋರ್ಡನ್ನು ಒಂದೇ ಲಿಥಿಯಂ ಸೆಲ್‌ನಲ್ಲಿ ಓಡಿಸಲು ಹೊರಟವರಿಗೆ ಈ ಲೆಕ್ಕ ಬೇಕೇ ಬೇಕು. ಹಲವು ಅಗ್ಗದ ಬೋರ್ಡ್‌ಗಳಲ್ಲಿರುವ 3.3 ವೋಲ್ಟಿನ ರೆಗ್ಯುಲೇಟರ್ ಎಎಂಎಸ್1117 ಪೂರ್ಣ ಲೋಡ್‌ನಲ್ಲಿ 1.1 ವೋಲ್ಟ್ ಕೇಳುತ್ತದೆ. 3.3ಕ್ಕೆ ಅದನ್ನು ಕೂಡಿದರೆ 4.4. ತುಂಬಿದ ಸೆಲ್ ಕೊಡುವುದೇ 4.2! ಅಂದರೆ ಮೊದಲ ನಿಮಿಷದಿಂದಲೇ ರೆಗ್ಯುಲೇಟರ್ ಡ್ರಾಪ್‌ಔಟ್‌ನಲ್ಲಿದೆ. ಸೆಲ್ 3.7ಕ್ಕೆ ಇಳಿದಾಗ ವೈಫೈ ಸಿಗ್ನಲ್ ಕಳುಹಿಸುವ ಕ್ಷಣದಲ್ಲಿ ಚಿಪ್‌ಗೆ ಬೇಕಾದ ಕನಿಷ್ಠ 3.0 ವೋಲ್ಟ್ ಸಿಗದೆ ಅದು ರೀಸೆಟ್ ಆಗಬಹುದು, ನಾವು ರಾತ್ರಿಯಿಡೀ ಕೋಡಿನಲ್ಲಿ ದೋಷ ಹುಡುಕುತ್ತೇವೆ. ಅದರ ಬದಲು ಎಪಿ2112 ಎಂಬ ಎಲ್‌ಡಿಒ ಇದ್ದರೆ 600 ಮಿಲಿಆಂಪಿಯರ್‌ಗೆ ಕಾಲು ವೋಲ್ಟ್ ಸಾಕು, ಸೆಲ್ 3.55ಕ್ಕೆ ಇಳಿಯುವವರೆಗೂ 3.3 ಅಲುಗುವುದಿಲ್ಲ. ಅಲ್ಲಿಂದ ಕೆಳಗೆ ಅದು ಸುಮಾರು 0.4 ಓಮ್‌ನ ಒಂದು ರೆಸಿಸ್ಟರ್, ಅಷ್ಟೇ.