ಹಾಳೆ ಎಣಿಸಿದರೆ ಹುಲ್ಲು ಎಣಿಸಿದಂತಲ್ಲ

ಪ್ರಾಜೆಕ್ಟ್ ಒಪ್ಪಿಸುವ ಕಾಲ ಬಂತೆಂದರೆ ಹಾಸನದ ಸುತ್ತಮುತ್ತಲಿನ ಸಸ್ಯಶಾಸ್ತ್ರದ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ನನ್ನ ಮನೆಗೆ ಬರುತ್ತಾರೆ. ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ಸಂಗ್ರಹಾಲಯ. ಜಗತ್ತಿನ ಹರ್ಬೇರಿಯಂಗಳ ದಾಖಲೆಗಳು ಜೀವಿಗಳ ದಾಖಲೆ ಕೂಡಿಡುವ ಅಂತರಜಾಲ ತಾಣ ಜಿಬಿಐಎಫ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ನಕ್ಷೆ ಮಾಡಿರುತ್ತಾರೆ. ಸಂತೋಷ. ಆದರೆ ಪ್ರತಿ ಸಲವೂ ಅದೇ ತಪ್ಪು: ದಾಖಲೆಯಲ್ಲಿ ಎಷ್ಟು ಸಾಲಿದೆಯೋ ಅಷ್ಟು ಸಲ ಗಿಡ ಸಿಕ್ಕಿದೆ ಎಂದುಕೊಳ್ಳುವುದು.

ಈಚೆಗೆ ಸಕಲೇಶಪುರದ ಹುಡುಗಿಯೊಬ್ಬಳು ಸ್ವೀಟ್‌ಗ್ರಾಸ್ ಆರಿಸಿಕೊಂಡಿದ್ದಳು. ಯುರೋಪು, ಏಷ್ಯಾ, ಅಮೆರಿಕಗಳ ಉತ್ತರ ಭಾಗದಲ್ಲಿ ತೇವದ ನೆಲದಲ್ಲಿ ಬೆಳೆಯುವ ಕಾಡುಹುಲ್ಲು. ನಮ್ಮ ಲಾವಂಚಕ್ಕೆ ಬೇರಿನಲ್ಲಿ ಪರಿಮಳವಾದರೆ ಇದಕ್ಕೆ ಎಲೆಯಲ್ಲಿ, ಪರಿಮಳದ ರಾಸಾಯನಿಕವಾದ ಕೂಮರಿನ್‌ನಿಂದಾಗಿ. “ಮೇಡಂ, ಇಲ್ಲಿ ತುಂಬಾ ದಟ್ಟವಾಗಿದೆ ನೋಡಿ” ಎಂದು ನಕ್ಷೆಯಲ್ಲಿ ತೋರಿಸಿದಳು. ನೋಡಿದೆ. ಅಲ್ಲಿದ್ದ ಸಾಲುಗಳೆಲ್ಲ ಒಬ್ಬನೇ ಸಂಗ್ರಹಕಾರನವು. ನಂಬರು ಒಂದೇ, ತಾರೀಖೂ ಒಂದೇ.

ಮಕ್ಕಳೇ, ಇನ್ನೊಮ್ಮೆ ಹೇಳುತ್ತೇನೆ. ಸಂಗ್ರಹಕಾರ ಒಂದು ಜಾಗದಲ್ಲಿ ಒಂದು ಹುಲ್ಲನ್ನು ಕಿತ್ತು, ಅದಕ್ಕೊಂದು ನಂಬರು ಕೊಟ್ಟು, ನಾಲ್ಕೈದು ಹಾಳೆಗಾಗುವಷ್ಟು ಪಾಲು ಮಾಡಿ ನಾಲ್ಕೈದು ಹರ್ಬೇರಿಯಂಗೆ ಕಳಿಸುತ್ತಾನೆ. ಒಂದು ಕಡೆ ಬೆಂಕಿ ಬಿದ್ದರೂ, ಹುಳ ಹಿಡಿದರೂ ಇನ್ನೊಂದು ಕಡೆ ಉಳಿಯಲಿ ಎಂದು. ನಮ್ಮ ಜಿಲ್ಲೆಯದೂ ಹಾಗೆಯೇ: ಸಲ್ಡಾನ ಮತ್ತು ನಿಕಲ್ಸನ್ 1976ರಲ್ಲಿ ಹಾಸನದ ಸಸ್ಯಗಳ ಗ್ರಂಥ ತಂದರಲ್ಲ, ಆ ಮಾದರಿಗಳು ಬೆಂಗಳೂರಿನಲ್ಲೂ ಇವೆ, ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯ ಸ್ಮಿತ್ಸೋನಿಯನ್‌ನಲ್ಲೂ ಇವೆ. ಪ್ರತಿ ಹರ್ಬೇರಿಯಂ ತನ್ನ ಹಾಳೆಯನ್ನು ತಾನು ದಾಖಲಿಸುತ್ತದೆ. ಹಾಳೆ ಐದು, ಕಿತ್ತದ್ದು ಒಂದೇ ಸಲ.

ಕಂಪ್ಯೂಟರಿಗೆ ಇದು ಸುಲಭವಾಗಿ ಗೊತ್ತಾಗುವುದಿಲ್ಲ. ಸಂಗ್ರಹಕಾರನ ಹೆಸರಿನಲ್ಲಿ ಒಂದು ಕಡೆ ಇನಿಷಿಯಲ್ ಮೊದಲು, ಇನ್ನೊಂದು ಕಡೆ ಕೊನೆಗೆ. ತಿಂಗಳು, ದಿನ ಅದಲುಬದಲು. ಹುಲ್ಲಿನ ಹೆಸರೂ ಒಂದೇ ಇರುವುದಿಲ್ಲ. 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಇದನ್ನು ಹೋಲ್ಕಸ್ ಒಡೊರೇಟಸ್ ಎಂದ. ಆಮೇಲೆ ಹೈರೊಕ್ಲೋಯಿ ಆಯಿತು, ಈಗ ಕೆಲವರು ಆಂಥೊಕ್ಸಾಂಥಮ್‌ಗೆ ಸೇರಿಸುತ್ತಾರೆ. ಆದ್ದರಿಂದ ಸಂಗ್ರಹಕಾರ, ನಂಬರು, ತಾರೀಖು ಮೂರನ್ನೂ ಹೊಂದಿಸಿ. ಎರಡು ಮಾತ್ರ ಹೊಂದಿದರೆ ಲೇಬಲಿನ ಚಿತ್ರ ತೆರೆದು ಓದಿ.

ಹಾಗೆಂದು ಉಳಿದ ಸಾಲುಗಳನ್ನು ಅಳಿಸಿಬಿಡಬೇಡಿ, ಒಂದೇ ಗುಂಪಾಗಿ ಕಟ್ಟಿಡಿ. ಒಂದೇ ನಂಬರಿನಡಿ ಎರಡು ಜಾತಿಯ ಹುಲ್ಲು ಬೆರೆತಿರುವುದೂ ಉಂಟು, ಹುಲ್ಲುಗಳಲ್ಲಂತೂ. ತಜ್ಞರೊಬ್ಬರು ಯಾವುದೋ ಒಂದು ಹಾಳೆಯನ್ನು ಮಾತ್ರ ನೋಡಿ ಗುರುತು ತಿದ್ದಿ ಚೀಟಿ ಅಂಟಿಸಿರುತ್ತಾರೆ. ಆ ತಿದ್ದುಪಡಿ ನೀವು ಅಳಿಸಿದ ಸಾಲಿನಲ್ಲೇ ಇರಬಹುದು.